ಹೆಳವರ ಹೊತ್ತಿಗೆಯಲ್ಲಿ ನನ್ನ ಸಾಲು

೩ ಆಗಸ್ಟ್ ೨೦೨೫, ಭಾನುವಾರ

ಬೆಳಿಗ್ಗೆ ನೀರು ಬಂದದ್ದು ನಲವತ್ತೇ ನಿಮಿಷ. ಟಾಕಿ ಅರ್ಧ. ಸೊಸೈಟಿ ಸೆಕ್ರೆಟರಿಗೆ ಎರಡು ಸಲ ಫೋನ್ ಮಾಡಿದೆ — ಎತ್ತಲಿಲ್ಲ. ನಾಳೆ ಫಸ್ಟ್ ಶಿಫ್ಟ್, ಚಾಕಣದ ಫ್ಯಾಕ್ಟರಿ ಬಸ್ ಐದೂವರೆಗೆ. ಯೂನಿಫಾರ್ಮ್ ಇಸ್ತ್ರಿ ಆಗಿಲ್ಲ.

ಮಗಳು ರೇಣುಗೆ ಹೊಸ ಹುಚ್ಚು. ಫೋನಿನಲ್ಲಿ ವಂಶವೃಕ್ಷ ಮಾಡುವ ಆ್ಯಪ್. ಪುಣೆಯ ಆಚೆ ತುದಿಯ ಹಡಪಸರದ ಅವಳ ಆಫೀಸಿನಲ್ಲಿ ಎಲ್ಲರೂ ಮಾಡುತ್ತಿದ್ದಾರಂತೆ. ಅದರಲ್ಲಿ ನಿಯಮ ಬೇರೆ. ಒಂದು, ಗೊತ್ತಿರುವುದರಿಂದ ಶುರು ಮಾಡು. ಎರಡು, ಹಿರಿಯರನ್ನು ಬದುಕಿರುವಾಗಲೇ ಕೇಳು. ಮೂರು, ಕೇಳಿದ್ದನ್ನೆಲ್ಲ ನಂಬಬೇಡ, ಕಾಗದ ನೋಡು. ಮೂರನೆಯದು ನನಗೆ ಹಿಡಿಸಿತು. ಮೂವತ್ತೆರಡು ವರ್ಷ ಕ್ವಾಲಿಟಿಯಲ್ಲಿ ಕಳೆದಿದ್ದೇನೆ. ಗೇಜ್ ಇಟ್ಟು ನೋಡದೆ ಒಂದು ಪೀಸನ್ನೂ ಬಿಟ್ಟವನಲ್ಲ.

ತುಂಬಲು ಕೂತೆವು. ಕೆಳಗೆ ರೇಣು. ಅವಳ ಮೇಲೆ ನಾನು, ಮಾಯಾ. ನನ್ನ ಮೇಲೆ ಅಪ್ಪ ಮುರುಗೆಪ್ಪ, ತೀರಿಕೊಂಡು ನಾಲ್ಕು ವರ್ಷ. ಪಕ್ಕದಲ್ಲಿ ಅವ್ವ, ಇಂದೂಬಾಯಿ. ಅಪ್ಪನ ಮೇಲೆ ಅಜ್ಜ ಶಿವರಾಯಪ್ಪ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ, ಆದ್ದರಿಂದ ನಾನು ಶಿವರಾಜ, ಆದ್ದರಿಂದ ಅಷ್ಟಾದರೂ ಗೊತ್ತು. ಅಜ್ಜಿಯ ಹೆಸರು ಗೊತ್ತಿಲ್ಲ. ಅಪ್ಪನಿಗೆ ಒಬ್ಬ ಅಣ್ಣ ಇದ್ದ, ಇಂಡಿ ತಾಲೂಕಿನ ಊರಲ್ಲಿ. ಹೊಲದ ಜಗಳವಾಗಿ ಬಿಟ್ಟು ಬಂದೆವು ಎಂದಷ್ಟೇ ಕೇಳಿದ್ದೇನೆ. ಐವತ್ತಾರು ವರ್ಷದ ಮನುಷ್ಯ, ಸ್ವಂತ ದೊಡ್ಡಪ್ಪನ ಹೆಸರು ಗೊತ್ತಿಲ್ಲ. ಮಗಳ ಮುಂದೆ ನಾಚಿಕೆಯಾಯಿತು.

ಆ್ಯಪ್ ಕೇಳಿತು, ನಿಮಗೆ ಮಕ್ಕಳೆಷ್ಟು. ರೇಣು ಒಂದು ಎಂದು ಒತ್ತಿದಳು. ಮಾಯಾ ಕುಕ್ಕರ್ ನೋಡುತ್ತೇನೆಂದು ಎದ್ದು ಹೋದಳು. ಕುಕ್ಕರ್ ಇಟ್ಟಿರಲೇ ಇಲ್ಲ.

೧೦ ಆಗಸ್ಟ್, ಭಾನುವಾರ

ಅವ್ವ ಮೆಂತ್ಯೆ ಪಲ್ಲೆ ಬಿಡಿಸುತ್ತಿದ್ದಳು. ಹೋಗಿ ಕೂತೆ.

"ಅವ್ವ, ದೊಡ್ಡಪ್ಪನ ಹೆಸರೇನು?"

"ಯಾಕ?"

"ರೇಣು ಬರಕೊಳ್ಳಾಕತ್ತಾಳ."

"ನದಿ ಮೂಲ, ಋಷಿ ಮೂಲ ಕೇಳಬಾರದು ಅಂತಾರ. ನೀವೇನು ಋಷಿಗಿಂತ ದೊಡ್ಡವರೇನು?"

ನಾನು ಏಳಲಿಲ್ಲ. ಒಂದು ಕಟ್ಟು ಪಲ್ಲೆ ಮುಗಿಯಿತು. ಎರಡನೆಯದು ಬಿಚ್ಚುತ್ತ ಹೇಳಿದಳು — "ಜಟ್ಟೆಪ್ಪ. ಸತ್ತಾನ."

"ಹೆಂಡತಿ?"

"ಇದ್ದಳು." ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಪಲ್ಲೆ ಇನ್ನೂ ಅರ್ಧ ಬಿಡಿಸುವುದಿತ್ತು.

ಮಧ್ಯಾಹ್ನ ಅಪ್ಪನ ಟ್ರಂಕು ತೆಗೆದೆವು. ರೇಷನ್ ಕಾರ್ಡು. ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತನಾಗಿದ್ದಾಗಿನ ಒಂದು ಗ್ರೂಪ್ ಫೋಟೋ. ನನ್ನ ಜನನದ ದಾಖಲೆ, ೧೯೬೯, ತಂದೆ ಮುರುಗೆಪ್ಪ, ತಾಯಿ ಇಂದೂಬಾಯಿ. ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾನೆ. ಊರಿನಿಂದ ಬಂದ ಒಂದೇ ಒಂದು ಪತ್ರ ಇಲ್ಲ. ನನ್ನ ಫೋಟೋ ಎಲ್ಲ ೧೯೭೩ರಿಂದ ಈಚೆಗೆ.

"ಅಜ್ಜ ಊರಿಗೆ ಒಂದು ಪತ್ರಾನೂ ಹಾಕ್ತಿರಲಿಲ್ವಾ ಪಪ್ಪಾ?" ಎಂದಳು ರೇಣು. ಇಲ್ಲ ಎಂದೆ. ಆಮೇಲೆ ನೆನಪಾಯಿತು. ಪ್ರತಿ ಸಂಕ್ರಾಂತಿಗೆ ಅಪ್ಪ ಒಂದು ದಪ್ಪ ಲಕೋಟೆ ಪೋಸ್ಟ್ ಮಾಡಲು ಹೋಗುತ್ತಿದ್ದ, ಒಳಗೆ ಕುಸರೆಳ್ಳಿನ ಪೊಟ್ಟಣ. ಹಳೆಯ ಯಾರ್ಡಿನ ಗೆಳೆಯನಿಗೆ ಎನ್ನುತ್ತಿದ್ದ. ಗೆಳೆಯ ಒಂದು ಸಲವೂ ಮನೆಗೆ ಬಂದದ್ದಿಲ್ಲ.

ಇನ್ನೊಂದು. ಇದನ್ನು ರೇಣುಗೆ ಹೇಳಲಿಲ್ಲ. ನನಗೆ ತೀರ ಹಳೆಯ ಒಂದು ನೆನಪಿದೆ. ಒಂದು ಕೈ, ಮೊಣಕೈವರೆಗೆ ಹಸಿರು ಹಚ್ಚೆ, ಚುಕ್ಕಿ ಚುಕ್ಕಿ. ಅದರ ಮೇಲೆ ತಲೆಯಿಟ್ಟು ನಾನು ಚುಕ್ಕಿ ಎಣಿಸುತ್ತಿದ್ದೇನೆ. ಅವ್ವನ ಕೈಯಲ್ಲಿ ಹಚ್ಚೆ ಇಲ್ಲ. ಅಜ್ಜಿಯದಿರಬೇಕು ಎಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದೆ. ಇವತ್ತು ಲೆಕ್ಕ ಹಾಕಿದರೆ, ಅಪ್ಪ ಹೇಳುತ್ತಿದ್ದ ಪ್ರಕಾರ ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದಾಳೆ.

೨೪ ಆಗಸ್ಟ್, ಭಾನುವಾರ

ರೇಣು ಹಟ ಬಿಡುವವಳಲ್ಲ. ಪಿಂಪ್ರಿ-ಚಿಂಚವಡದಲ್ಲಿರುವ ನಮ್ಮ ಕಡೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದಾಳೆ. ಒಬ್ಬರು ಬರೆದರಂತೆ — ಆ್ಯಪ್ ಯಾಕೆ, ಹೆಳವರನ್ನು ಕೇಳಿ.

ಹೆಳವರು. ಎಷ್ಟು ವರ್ಷವಾಯಿತು ಆ ಮಾತು ಕೇಳಿ. ಊರೂರು ತಿರುಗಿ ಮನೆತನಗಳ ವಂಶ ಹೇಳುವವರು. ಮೊದಲು ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈಗ ಬೈಕು. ಯಾರ ಮಗ ಯಾರು, ಸೊಸೆ ಎಲ್ಲಿಂದ ಬಂದಳು, ಎಲ್ಲ ಅವರ ಹೊತ್ತಿಗೆಯಲ್ಲಿ. ಮೂರು-ನಾಲ್ಕು ವರ್ಷಕ್ಕೊಮ್ಮೆ ಬಂದು ಓದುತ್ತಾರೆ, ಹೊಸ ಹೆಸರು ಸೇರಿಸುತ್ತಾರೆ, ಜೋಳ ಬಟ್ಟೆ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಮನೆತನದ ಹೆಳವ ಮಾಂತು ಎಂಬಾತ. ನಂಬರ್ ಸಿಕ್ಕಿತು, ಹಚ್ಚಿದೆ.

"ಫೋನಿನ್ಯಾಗ ಓದೂದಿಲ್ರಿ. ಮನಿಗಿ ಬರ್ತೀನಿ. ದೀಪ ಹಚ್ಚಿ, ಮನಿ ಮಂದಿ ಎಲ್ಲಾರೂ ಕುಂತರ ಹೊತ್ತಿಗಿ ತಗೀತೀನಿ. ಗಣಪತಿ ಮುಗದ ಮ್ಯಾಲ ಪುಣೆಕ್ಕ ಬರೂದದ."

ಊರು ಕೇಳಿದ. ಹೇಳಿದೆ. ಅಪ್ಪನ ಹೆಸರು ಕೇಳಿದ. ಹೇಳಿದೆ. 

"ಶಿವರಾಜಣ್ಣಾರೇನ್ರಿ ನೀವು?"

ನನ್ನ ಹೆಸರು ನಾನು ಹೇಳಿರಲಿಲ್ಲ.

೨೫ ಆಗಸ್ಟ್

ಹೆಳವ ಬರುತ್ತಾನೆಂದು ಅವ್ವನಿಗೆ ಹೇಳಿದೆ. ತಟ್ಟೆ ಸರಿಸಿದಳು. "ಅಂವ ಈ ಮನಿಯಾಗ ಕಾಲಿಟ್ಟರ ನಾ ಹೊರಗ ಬರೂದಿಲ್ಲ" ಎಂದಳು. ಕಾರಣ ಕೇಳಿದರೆ ಟಿವಿಯ ದನಿ ಜೋರು ಮಾಡಿದಳು.

೧೪ ಸೆಪ್ಟೆಂಬರ್, ಭಾನುವಾರ, ಬೆಳಿಗ್ಗೆ ೧೦

ಮಾಂತು ಗೇಟಿನಲ್ಲಿದ್ದಾನೆ. ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ — "ಸಾಹೇಬ್, ಕೋಣಿ ಜ್ಯೋತಿಷಿ ಆಲಾಯ್." ಯಾರೋ ಜ್ಯೋತಿಷಿ ಬಂದಿದ್ದಾನಂತೆ. ಅಲ್ಲವಪ್ಪ ಎಂದೆ. ಮತ್ತೆ ಯಾರೆಂದು ಹೇಳುವುದು ಮರಾಠಿಯಲ್ಲಿ ತೋಚಲಿಲ್ಲ. ಪಾವಣೆ, ನೆಂಟರು ಎಂದೆ.

ಮಾಯಾ ದೀಪ ಹಚ್ಚಿದ್ದಾಳೆ. ಮೊರದಲ್ಲಿ ಜೋಳ. ಅವ್ವ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ.

ಅದೇ ದಿನ, ಸಂಜೆ ೪

ಆದದ್ದನ್ನು ಆದ ಹಾಗೆ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಮಾಂತುಗೆ ಮೂವತ್ತೈದರ ಆಸುಪಾಸು. ಜೀನ್ಸು, ಹೆಗಲಿಗೆ ಬ್ಯಾಗು. ಬ್ಯಾಗಿನಲ್ಲಿ ಕೆಂಪು ಬಟ್ಟೆ ಸುತ್ತಿದ ಹೊತ್ತಿಗೆ, ಅವನ ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಅವನು ಬರೆಯುತ್ತಿರುವುದು. ಮೊರದ ಮುಂದೆ ಇಟ್ಟು ಕೈಮುಗಿದ. ಏಳು ತಲೆಯ ಹಿಂದಿನಿಂದ ಎತ್ತಿಕೊಂಡ, ರಾಗವಾಗಿ. ರೇಣು ರೆಕಾರ್ಡ್ ಹಚ್ಚಿದ್ದಳು. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಯಾರೋ ನಡೆದು ಬರುತ್ತಿದ್ದಾರೆ, ಒಬ್ಬೊಬ್ಬರಾಗಿ, ನಿಗಡಿಯ ನಮ್ಮ ಈ ಎರಡನೇ ಮಹಡಿಯ ಮನೆಗೆ.

"ಶಿವರಾಯಪ್ಪನ ಹೆಂಡತಿ ಸಂಗವ್ವ. ಗಂಡು ಎರಡು. ಹಿರಿಯ ಜಟ್ಟೆಪ್ಪ, ಕಿರಿಯ ಮುರುಗೆಪ್ಪ." ಇಲ್ಲಿಯವರೆಗೆ ಸರಿ. "ಮುರುಗೆಪ್ಪನ ಹೆಂಡತಿ ಇಂದೂಬಾಯಿ. ಸಂತಾನ ಇಲ್ಲ."

ನಿಲ್ಲಿಸಿ ಎಂದೆ. ನನ್ನ ದನಿ ಏರಿತ್ತು. "ನಾ ಇಲ್ಲಿ ಕುಂತೀನಲ್ಲ. ಸಂತಾನ ಇಲ್ಲ ಅಂದರ ಏನು?"

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಅವ್ವ ಚೌಕಟ್ಟು ಹಿಡಿದು ನಿಂತಿದ್ದಳು.

"ಹಂಗಂತ ಬರದೈತೇನು?"

"ಹೌದ್ರಿ ಅವ್ವಾರ."

"ನಾ ಹಡದಿಲ್ಲೇನು?"

ಮಾಂತು ತಲೆ ಬಗ್ಗಿಸಿದ. ಅವ್ವ ನನ್ನನ್ನು ನೋಡಲಿಲ್ಲ. ಬಾಗಿಲು ಮತ್ತೆ ಹಾಕಿಕೊಂಡಳು. ಒಳಗೆ ಮಂಚ ಕಿರುಗುಟ್ಟಿದ್ದು ಕೇಳಿಸಿತು.

"ಇನ್ನೂ ಮುಗದಿಲ್ರಿ ಅಣ್ಣಾರ" ಎಂದ ಮಾಂತು. ಪುಟ ತಿರುವಿದ. ಈ ಸಲ ರಾಗ ಹಾಕಲಿಲ್ಲ. "ಜಟ್ಟೆಪ್ಪನ ಹೆಂಡತಿ ಗೌರಾಬಾಯಿ. ಉಡಿಯಲ್ಲಿ ಬಂದ ಮಗ ಒಬ್ಬ, ಶಿವರಾಜ. ಮುರುಗೆಪ್ಪ ತನ್ನ ಕೂಸನ್ನು ಅಣ್ಣನ ಹೆಂಡತಿಯ ಉಡಿಯಲ್ಲಿ ಹಾಕಿದ್ದು ಸಾವಿರದ ಒಂಬೈನೂರ ಎಪ್ಪತ್ತು. ಶಿವರಾಜನ ಹೆಂಡತಿ ಮಾಯಾ. ಮೊದಲ ಮಗ ಜಟ್ಟೆಪ್ಪ, ಮೂರು ದಿನ. ಎರಡನೆಯದು ಹೆಣ್ಣು, ರೇಣು."

 ರೇಣು ನನ್ನ ಮುಖ ನೋಡಿದಳು. ಮೊದಲ ಮಗ ಎಂಬುದನ್ನು ಅವಳಿಗೆ ನಾವು ಯಾವತ್ತೂ ಹೇಳಿಲ್ಲ.

ಮಾಯಾ ಮೆಲ್ಲಗೆ ಅಂದಳು, "ಇನ್ನೊಮ್ಮೆ ಓದ್ರಿ."

ಓದಿದ. ಮೊದಲ ಮಗ ಜಟ್ಟೆಪ್ಪ, ಮೂರು ದಿನ.

ಯಾರು ಬರೆಸಿದ್ದು ಇದನ್ನೆಲ್ಲ? "ಗೌರಾಬಾಯಿ ದೊಡ್ಡವ್ವಾರು. ನಮ್ಮಪ್ಪ ಹೋದಾಗೆಲ್ಲ ಮೊರ ತುಂಬ ಜೋಳ ಹಾಕಿ, ನನ್ನ ಮಗಂದು ಬರಕೋ ಅಂತಿದ್ರು. ನಿಮ್ಮಪ್ಪಾರು ಸಂಕ್ರಾಂತಿಗಿ ಕುಸರೆಳ್ಳಿನ ಜೋಡಿ ಕಾಗದ ಹಾಕತಿದ್ರಲ್ಲ. ನಿಮ್ಮ ಮದವಿ, ನೌಕರಿ, ಎಲ್ಲಾ ಅದರಾಗ ಬರ್ತಿತ್ತು. ಜಟ್ಟೆಪ್ಪಾರು ತೀರಿದ ಮ್ಯಾಲೂ ಬರ್ತಿತ್ತು. ಈಗ ನಾಕು ವರ್ಷ ಸುದ್ದಿ ಇಲ್ಲ ಅಂತ ಕೊರಗತಾರ."

ಕೊರಗುತ್ತಾರೆ, ಎಂದ. ಇದ್ದಾರೆಯೇ?

"ಅದಾರ್ರಿ. ಎಂಬತ್ತೆಂಟು. ಕಣ್ಣು ಹೋಗ್ಯಾವ. ಊರ ಮನಿ ಬಿದ್ದು ಭಾಳ ದಿನ ಆತು. ಹಡಪಸರದಾಗ ತಮ್ಮನ ಮೊಮ್ಮಗ ವಿಕ್ರಮ ಅಂತ, ಅವನ ಮನಿಯಾಗ ಅದಾರ. ಆರು ವರ್ಷ ಆತು."

ಹಡಪಸರ. ರೇಣು ದಿನಾ ಹೋಗುವ ಹಡಪಸರ.

"ನಾನೂ ಕೇಳೀನ್ರಿ, ಇಷ್ಟ ಹತ್ರ ಬಂದೀರಿ, ಹೋಗಿ ಬರಬಾರದ್ಯಾಕ ಅಂತ. 'ಕೊಟ್ಟವರ ತಿರುಗಿ ಒಯ್ದಾರ. ನಾ ಹೋಗಿ ಬಾಗಲಾ ಬಡದರ ಕಸಗೊಳ್ಳಾಕ ಬಂದಂಗ ಆಗತದ' ಅಂದ್ರು."

ಆಗ ನಾನು ಒಂದು ದಡ್ಡ ಕೆಲಸ ಮಾಡಿದೆ. ಒಳಗಿಂದ ನನ್ನ ಜನನದ ದಾಖಲೆ ತಂದು ಅವನ ಮುಂದೆ ಇಟ್ಟೆ. ಸರಕಾರಿ ಕಾಗದ, ಸಿಕ್ಕಾ ಇದೆ, ಇದರ ಪ್ರಕಾರ ನಿಮ್ಮದನ್ನು ತಿದ್ದಿ ಎಂದೆ. ಅವನು ಅದನ್ನು ಮುಟ್ಟಲಿಲ್ಲ.

"ನಾವು ಹೊಡದು ಹಾಕೂದಿಲ್ರಿ. ಸತ್ತವರನ್ನೂ ಹೊಡಿಯೂದಿಲ್ಲ. ಸೇರಸ್ತೀವಿ, ಅಷ್ಟ. ಯಾರ ಉಡಿಯಾಗ ಹಾಕ್ಯಾರ ಅವರು ಹೊತ್ತಿಗಿ ಮುಂದ ಕುಂತು ಬಿಟ್ಟುಕೊಟ್ಟೀನಿ ಅಂದರ, ನಿಮ್ಮವ್ವಾರ ಹೆಸರಿನ ಕೆಳಗ ಹೊಸಾ ಹಾಳಿ ಮಾಡಿ ನಿಮ್ಮನ್ನ ಬರೀತೀನಿ. ಹಳೇ ಹಾಳಿ ಹಂಗ ಇರತದ, ಮುಂದ ಯಾರೂ ಓದೂದಿಲ್ಲ."

"ಕೂಸು?" ಎಂದಳು ಮಾಯಾ.

"ಹೊಸಾ ಹಾಳಿಯಾಗ ಮನಿಯವರು ಹೆಸರಿಟ್ಟ ಮಕ್ಕಳನ್ನ ಅಷ್ಟ ಬರೀತೀವಿ ಅಕ್ಕಾರ. ಈ ಹೆಸರು ನೀವು ಇಟ್ಟದ್ದಲ್ಲ. ಅದು ಹಳೇ ಹಾಳಿಯಾಗ ಉಳೀತದ."

ಓದದ ಹಾಳೆಯಲ್ಲಿ. ಇಷ್ಟು ಹೇಳಿ ಹೊತ್ತಿಗೆ ಸುತ್ತಿಕೊಂಡು ಜೋಳ ಕಟ್ಟಿಕೊಂಡು ಹೋದ.

೧೬ ಸೆಪ್ಟೆಂಬರ್

ರಜೆ ಹಾಕಿದೆ. ಜ್ವರ ಎಂದೆ. ಜ್ವರ ಇಲ್ಲ.

ರೇಣುಗೆ ಹೇಳಿದೆವು, ಇಬ್ಬರೂ ಕೂತು. ೧೯೯೮. ತಿಂಗಳು ತುಂಬಿ ಹುಟ್ಟಿದ. ಚೆನ್ನಾಗಿದ್ದ. ಎರಡನೇ ದಿನ ಹಾಲು ಕುಡಿಯುವುದು ಬಿಟ್ಟ. ಮೂರನೇ ದಿನ ಬೆಳಗಿನ ಏಳಕ್ಕೆ ಹೋದ. ತೊಟ್ಟಿಲಿಗೆ ಹಾಕಿದ ಮೇಲೆ ಹೆಸರು, ಅವನು ತೊಟ್ಟಿಲಿನವರೆಗೆ ಬರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ 'ಬೇಬಿ ಆಫ್ ಮಾಯಾ' ಎಂದಿತ್ತು. ನಾನು ಮತ್ತು ಅಪ್ಪ ಒಯ್ದೆವು. ಅಪ್ಪ ಮಣ್ಣು ಕೊಡುವಾಗ ಏನೋ ಗೊಣಗಿದ, ಮಂತ್ರ ಎಂದುಕೊಂಡೆ. ಅವ್ವ ಮನೆಯಲ್ಲಿ ಅವತ್ತೇ ಎಲ್ಲ ಬಟ್ಟೆ ಕಟ್ಟಿ ಅಟ್ಟಕ್ಕೆ ಹಾಕಿ, ಇನ್ನು ಈ ಮಾತು ಬೇಡ ಎಂದಳು. ಮಾತು ಬೇಡವಾಯಿತು. ಇಪ್ಪತ್ತೇಳು ವರ್ಷ ನಾನೂ ಮಾಯಾನೂ 'ಆ ಸಲ' ಎಂದೇ ಅಂದೆವು. ಅವನು ಎಂದು ಒಂದು ದಿನವೂ ಅನ್ನಲಿಲ್ಲ.

ನಾನು ಮಗನ ಮುಖ ನೋಡಿಯೂ ಹೆಸರಿಡಲಿಲ್ಲ. ಮುಖವನ್ನೇ ನೋಡದ ಮುದುಕಿ ಇಟ್ಟಳು, ತನ್ನ ಗಂಡನ ಹೆಸರು, ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಹಾಗೆ.

ಈಗ ಅಡಿಗೆಮನೆಯಲ್ಲಿ ಮಾಯಾ ಒಬ್ಬಳೇ ಇದ್ದಾಳೆ. ಒಂದೇ ಒಂದು ಸಲ, ತೀರ ಮೆಲ್ಲಗೆ, ಕರೆದು ನೋಡಿದ ಹಾಗೆ — ಜಟ್ಟೆಪ್ಪ. ಕೇಳಿಸಿಕೊಂಡೆ. ಕೇಳಿಸದ ಹಾಗೆ ಕೂತೆ. ಅತ್ತುಬಿಟ್ಟೆ.

೨೧ ಸೆಪ್ಟೆಂಬರ್, ಭಾನುವಾರ

ಅವ್ವ ಇವತ್ತು ತಾನಾಗಿಯೇ ಕರೆದಳು. ಬಾಗಿಲು ಹಾಕು ಎಂದಳು. ಅವಳ ಮಾತಿನಲ್ಲೇ ಬರೆಯುತ್ತೇನೆ.

"ನಾ ಮನಿಗಿ ಸೊಸಿ ಆಗಿ ಬಂದಾಗ ಆಕೀ ಮದವಿ ಆಗಿ ಹತ್ತು ವರ್ಷ ಆಗಿತ್ತು, ಮಕ್ಕಳಿಲ್ಲ. ಮೊದಲ ಗಂಡು ಹುಟ್ಟಿದರ ನಿಮಗ ಕೊಡ್ತೀವಿ ಅಂತ ನಿಮ್ಮಪ್ಪ ಮಾತು ಕೊಟ್ಟಿದ್ದ. ನಾನೂ ಹೂಂ ಅಂದಿದ್ದೆ. ಹುಟ್ಟದಿದ್ದ ಕೂಸು ಕೊಡೂದು ಏನ್ ದೊಡ್ಡದು. ಹುಟ್ಟಿದ ಮ್ಯಾಲ ತಿಳೀತು."

"ದೂರ ಏನು ಕೊಟ್ಟಿದ್ದಿಲ್ಲಲ್ಲ ಅವ್ವ. ಒಂದೇ ಮನಿ."

"ಅದ ಕೆಟ್ಟದ್ದು. ಒಂದ ಮನಿ, ಒಂದ ಒಲಿ. ನೀ ಆಕೀ ಹಾಸಿಗ್ಯಾಗ ಮಲಗತಿದ್ದಿ. ನನಗ ಚಿಗವ್ವಾ ಅಂತಿದ್ದಿ. ಹಂಗ ಕಲಿಸಿದ್ರು, ನಿಂದೇನು ತಪ್ಪು. ಒಂದಿನ ಅಂಗಳದಾಗ ಬಿದ್ದು ಮೊಣಕಾಲು ಒಡಕೊಂಡಿ. ನಾ ಎತ್ತಾಕ ಹ್ವಾದರ ನನ್ನ ದೂಡಿ, ಅವ್ವಾ ಅಂತ ಆಕೀ ಕಡೆ ಓಡಿದಿ. ಅವತ್ತ ನಿಮ್ಮಪ್ಪಗ ಹೇಳಿದೆ, ಇಲ್ಲಾ ಊರು ಬಿಡೂಣು, ಇಲ್ಲಾ ನಾ ಬಾವಿ ನೋಡಕೋತೀನಿ ಅಂತ."

ಗೌರಾಬಾಯಿ ತಮ್ಮನ ಮದುವೆಗೆಂದು ತವರಿಗೆ ಹೋಗಿದ್ದಾಗ ಹೊರಟು ಬಂದರಂತೆ. ೧೯೭೩. ನಾನು ದಾರಿಯುದ್ದಕ್ಕೂ ಅವ್ವ ಎಲ್ಲಿ ಎಂದು ಅತ್ತೆನಂತೆ, ಅವ್ವನ ತೊಡೆಯ ಮೇಲೆ ಕೂತು.

"ಕೈತುಂಬ ಹಚ್ಚಿ ಹಾಕಿಸಿಕೊಂಡದ್ದು ಆಕಿಯೇನು?" ಎಂದೆ. ಹೂಂ ಎಂದಳು. ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ.

ಹೊಲದ ಜಗಳ ಇರಲೇ ಇಲ್ಲ. "ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ಮಾತಿಗಿ ತಪ್ಪಿದವರು ನಾವು. ಅದಕ್ಕ ಏನೋ, ಆಮ್ಯಾಲ ಎರಡು ಸಲ ಬಸರು ನಿಲ್ಲಲಿಲ್ಲ." ಆಮೇಲೆ ನನ್ನ ಕೈ ಹಿಡಿದಳು. ಗಟ್ಟಿಯಾಗಿ. "ಆದರೂ ಶಿವೂ, ನಾ ಬಂಜಿ ಅಂತ ಸಾಯೂದಿಲ್ಲ. ಹೋಗು. ಆಕೀ ಬಾಯಿಲೆ ಬಿಟ್ಟೀನಿ ಅನಿಸಿಕೊಂಡು ಬಾ. ಸತ್ತರ ನನಗ ಮಣ್ಣು ಕೊಡೂ ಕೈ ಯಾರದು ಅಂತ ಹೊತ್ತಿಗಿಯಾಗ ಬರೀಬೇಕು."

ಆಗಲಿ ಎಂದೆ.  ಸಾಲು ಸರಿಸುವ ದಾರಿ ಮೊನ್ನೆ ನಾನೇ ಅವಳಿಗೆ ಹೇಳಿದ್ದೆ, ಆದರೆ ಕೂಸಿನ ಹೆಸರಿನ ಸುದ್ದಿ ಹೇಳಲು ಬಾಯಿ ಬರಲಿಲ್ಲ. ಸಾಲು ಸರಿಸಿದರೆ ಅವ್ವ ತಾಯಿಯಾಗುತ್ತಾಳೆ, ಮಾಯಾಳ ಮಗ ಮತ್ತೆ 'ಆ ಸಲ' ಆಗುತ್ತಾನೆ.

ಅಪ್ಪನ ಮೇಲೆ ಸಿಟ್ಟು ಬರುತ್ತಿದೆ. ಎರಡೂ ಕಡೆ ಸಂಭಾಳಿಸಿ, ಒಂದು ಕಡೆಯೂ ಬಾಯಿ ಬಿಡದೆ, ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಹೋದ.

೧೨ ಅಕ್ಟೋಬರ್

ಹೋಗಿಲ್ಲ. ಆಡಿಟ್ ಇತ್ತು. ಆಡಿಟ್ ಮುಗಿದು ಹತ್ತು ದಿನವಾಯಿತು.

ರೇಣು ಆಫೀಸಿನಿಂದ ಆ ಮನೆಗೆ ಹನ್ನೆರಡು ನಿಮಿಷದ ನಡಿಗೆ ಎಂದಳು. ಮ್ಯಾಪ್‌ನಲ್ಲಿ ನೋಡಿದ್ದಾಳೆ. "ನಾ ಒಬ್ಬಳೇ ಹೋಗಿ ಬರ್ಲಾ ಪಪ್ಪಾ? ಜಸ್ಟ್ ನೋಡ್ಕೊಂಡು?" ಬೇಡ ಎಂದೆ. ಹೆಚ್ಚು ಗಡುಸಾಗಿಯೇ ಎಂದೆ. ಆ್ಯಪ್‌ನಲ್ಲಿ ನನ್ನ ತಾಯಿಯ ಚೌಕ ಖಾಲಿ ಮಾಡಿ ಇಟ್ಟಿದ್ದಾಳೆ.

೨೬ ಅಕ್ಟೋಬರ್, ಭಾನುವಾರ

ದೀಪಾವಳಿ ಆಯಿತು. ಆಕಾಶಬುಟ್ಟಿ ಇನ್ನೂ ಇಳಿಸಿಲ್ಲ.

ಬೆಳಿಗ್ಗೆ ಮಾಂತು ಫೋನ್. "ದೊಡ್ಡವ್ವಾರು ಊಟಾ ಬಿಟ್ಟಾರ್ರಿ. ಬರೇ ಚಹಾ. ನೀವು ಹೊತ್ತಿಗಿ ಕೇಳಿದ್ದು ನಾನ ಹೇಳಿದೆ, ತಪ್ಪಾಗಿದ್ದರ ಹೊಟ್ಯಾಗ ಹಾಕೋರಿ. 'ಬರಾಕ ಹೇಳು, ಬಿಟ್ಟೀನಿ ಅಂತೀನಿ' ಅಂದ್ರು."

"ಮತ್ತೇನಂದ್ರು?"

"ಮತ್ತೇನೂ ಇಲ್ರಿ. ಮಗಾ ದಪ್ಪ ಆಗ್ಯಾನೋ ತೆಳ್ಳಗ ಅದಾನೋ ಅಂತ ಕೇಳಿದ್ರು."

ಅದೇ ದಿನ, ಸಂಜೆ ೬

ಮಾಯಾ ಹೇಳಿಬಿಟ್ಟಳು. ನನ್ನನ್ನು ಕೇಳಲಿಲ್ಲ. ಅವ್ವನಿಗೆ ತಲೆ ಬಾಚುತ್ತ, ಅವಳ ಹಿಂದೆ ಕೂತು, ಮುಖ ಕಾಣದ ಹಾಗೆ. ನಾನು ಬಾಲ್ಕನಿಯಲ್ಲಿದ್ದೆ.

"ಅತ್ತಿ, ನಮ್ಮ ಕೂಸಿಗೆ ಅವರು ಹೆಸರಿಟ್ಟಾರ. ಹೊತ್ತಿಗಿಯಾಗ ಬರಸ್ಯಾರ."

"ಯಾವ ಕೂಸು?"

"ನಮ್ಮ ಮೊದಲನೇದು."

ಬಾಚಣಿಗೆ ನಿಂತಿತು. ಅವ್ವ ಏನು ಹೆಸರು ಎಂದು ಕೇಳಿದಳು. ಮಾಯಾ ಹೇಳಿದಳು. ಸಾಲು ಸರಿಸಿದರೆ ಆ ಹೆಸರನ್ನು ಇನ್ನು ಯಾರೂ ಓದುವುದಿಲ್ಲ ಎಂಬುದನ್ನೂ ಹೇಳಿದಳು. ನೀವು ಬೇಡ ಅನ್ನಬೇಕೆಂದು ಹೇಳುತ್ತಿಲ್ಲ, ಗೊತ್ತಿರಲಿ ಎಂದು ಹೇಳಿದೆ ಎಂದಳು. ನನ್ನ ಹೆಂಡತಿ ಇಷ್ಟು ಧೈರ್ಯವಂತೆ ಎಂದು ನನಗೆ ಗೊತ್ತಿರಲಿಲ್ಲ.

ಅವ್ವ ಜಡೆ ಹಾಕಿಸಿಕೊಳ್ಳದೆ ಎದ್ದಳು. "ಅಜ್ಜಿ ಅಂತ ನಾ ಇದ್ದೆ ಮನಿಯಾಗ" ಎಂದಳು. "ನಾ ಬಟ್ಟಿ ಕಟ್ಟಿಟ್ಟೆ."

ಕೋಣೆಗೆ ಹೋದಳು. ಈಗ ತಾನೇ ಕೋಣೆಯಿಂದ ಕೂಗಿ ಹೇಳಿದಳು — ಬರುವ ಭಾನುವಾರ ತಾನೂ ಬರುತ್ತಾಳೆ, ಮಾಂತುವನ್ನೂ ಕರೆಸು, ಜನನದ ಕಾಗದ ತಗೋ. ಕಾಗದ ಎಂದ ಮೇಲೆ ಏನು ಮಾಡುತ್ತಾಳೆಂಬುದು ತಿಳಿದೇ ಇದೆ. ಮಾಯಾ ಕೇಳಿಸಿಕೊಂಡು ಆಕಾಶಬುಟ್ಟಿ ಇಳಿಸಿದಳು.

೧ ನವೆಂಬರ್

ಅವ್ವ ಚೀಲ ತುಂಬುತ್ತಿದ್ದಾಳೆ. ಅಕ್ಕಿ, ತೆಂಗಿನಕಾಯಿ, ಹಸಿರು ಖಣ, ಉತ್ತತ್ತಿ. ಉಡಿ ತುಂಬುವ ಸಾಮಾನು. ಗಂಡ ಹೋದವರಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಯಾರಿಗೆ ಇದು ಎಂದೆ. "ನಿನಗ ಗೊತ್ತಾಗೂದಿಲ್ಲ, ಸುಮ್ಮನಿರು" ಎಂದಳು. ಮೇಲೆ ನನ್ನ ಜನನದ ಕಾಗದ ಇಟ್ಟು ಜಿಪ್ ಎಳೆದಳು.

೨ ನವೆಂಬರ್, ಭಾನುವಾರ, ಬೆಳಿಗ್ಗೆ ೧೧.೧೦, ಹಡಪಸರ

ವಿಕ್ರಮನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. 

ನಾಲ್ವರೂ ಕ್ಯಾಬ್‌ನಲ್ಲಿ ಬಂದೆವು. ಒಂದೂವರೆ ತಾಸು. ಅವ್ವ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಲಿಫ್ಟ್ ಇಲ್ಲ, ಎರಡು ಮಹಡಿ. ಮೊಣಕಾಲು ನೋವು ಎಂದು ದೇವರ ಗುಡಿ ಬಿಟ್ಟವಳು, ಕಟಾಂಜನದ ಕಂಬಿ ಹಿಡಿದು ಒಬ್ಬಳೇ ಹತ್ತಿದಳು. ಬಾಗಿಲಲ್ಲಿ ನನ್ನನ್ನು ತಡೆದಳು. "ನೀ ಇಲ್ಲೇ ಕೂಡು. ಕರದ ಮ್ಯಾಲ ಬಾ. ಹೆಣ್ಣಮಕ್ಕಳ ಕೆಲಸ ಇದು." ಮಾಯಾ, ರೇಣು ಅವಳ ಹಿಂದೆ ಹೋದರು. ಮಾಂತು ಒಳಗೆ ಮೊದಲೇ ಬಂದಿದ್ದಾನೆ. ಬಾಗಿಲು ಪೂರ್ತಿ ಹಾಕಿಲ್ಲ. ಎಲ್ಲ ಕೇಳಿಸುತ್ತದೆ.

"ಯಾರು ಬಂದ್ರು?" ಸಣ್ಣ ದನಿ.

"ನಾನಕ್ಕಾ. ಇಂದೂ."

ಯಾರೋ ಕುರ್ಚಿ ಎಳೆದರು.

"ಕುಂಡರು. ಮೆಟ್ಲಾ ಭಾಳ ಅದಾವ." ಆಮೇಲೆ, "ಮಾಂತು, ಹೊತ್ತಿಗಿ ತಗೀಯಪ್ಪ. ನಾ ಬಿಟ್ಟೀನಿ ಅಂತ ಬರಕೋ. ಆಕೀ ಮಗ ಆಕೀಗಿ."

ಮಾಂತು ಹೊತ್ತಿಗೆ ಬಿಚ್ಚುವ ಸದ್ದು. ಹೊಸಾ ಹಾಳಿ ತಗೀಲೇನ್ರಿ ಎಂದ. ಜಿಪ್ ಎಳೆದ ಸದ್ದೂ ಕೇಳಿಸಿತು. ಅವ್ವ ಕಾಗದ ತೆಗೆದಿರಬೇಕು. ಮುಗಿಯಿತು ಎಂದುಕೊಂಡೆ. ಮಾಯಾಳ ಮುಖ ನನಗೆ ಇಲ್ಲಿಂದ ಕಾಣುವುದಿಲ್ಲ.

ಅವ್ವ — "ತಡಿ ತಮ್ಮಾ. ಹೊಸಾ ಹಾಳಿ ಬ್ಯಾಡ. ಹಳೇದ ತಗೀ. ಸೇರಸ್ತೀರಿ ಅಂದಿದ್ದಿ ಹೌದಿಲ್ಲೋ? ಇಂದೂಬಾಯಿಗಿ ಸಂತಾನ ಇಲ್ಲ ಅಂತ ಬರದೀರಲ್ಲ, ಅದರ ಮುಂದ ಸೇರಸು. ಹಡದು ಕೊಟ್ಟಾಳ ಅಂತ. ಈ ಕಾಗದ ನೋಡಿ ಬರಿ, ಹುಟ್ಟಿದ ತಾರೀಕು ಅದರಾಗೈತಿ. ಅಷ್ಟು ಸಾಕು ನನಗ."

"ಇಂದೂ..."

"ಸುಮ್ನಿರಕ್ಕಾ. ಆವಾಗ ಮನಸ್ಸಿಲ್ಲದ ಕೊಟ್ಟಿದ್ದೆ, ಅದಕ್ಕ ನಿನ್ನ ಹತ್ರ ಉಳೀಲಿಲ್ಲ. ಏಳು, ಸೆರಗು ಹಿಡಿ. ಉಡಿ ಒಡ್ಡು."

"ಗಂಡ ಸತ್ತಾಕೀಗಿ ಏನ್ ಉಡಿ..."

"ನಾನೂ ಅಂಥಾಕೀನ. ಹಿಡಿ."

ಅಕ್ಕಿ ಬೀಳುವ ಸದ್ದು. ಕಾಯಿ ಇಟ್ಟ ಸದ್ದು. ಮಾಂತು ಬರೆದುಕೊಳ್ಳುತ್ತ ಬಾಯಲ್ಲಿ ಹೇಳುತ್ತಿದ್ದಾನೆ, ಹಡದು ಕೊಟ್ಟಾಳ. ಮಾಯಾ ಅಳುತ್ತಿದ್ದಾಳೆ, ಅದು ಅವಳದೇ ಅಳು. ಜಟ್ಟೆಪ್ಪನ ಹೆಸರು ಓದು ಎಂದು ರೇಣು ಹೇಳುತ್ತಿದ್ದಾಳೆ, ಅವನು ಓದುತ್ತಿದ್ದಾನೆ.

"ಶಿವೂ, ಬಾ ಒಳಗ." ಅವ್ವ. "ನಿಮ್ಮವ್ವ ಕರ್ಯಾಕತ್ತಾಳ."

ಎದ್ದಿದ್ದೇನೆ. ಬಾಗಿಲ ಸಂದಿಯಲ್ಲಿ ಮಂಚ ಕಾಣುತ್ತದೆ. ಸೆರಗಿನ ಹೊರಗೆ ಒಂದು ಕೈ, ಗಾಳಿಯಲ್ಲಿ ಏನನ್ನೋ ತಡವುತ್ತಿದೆ. ಚರ್ಮ ಸುಕ್ಕಾಗಿದೆ, ಚುಕ್ಕಿಗಳು ಇವೆ, ಮೊಣಕೈವರೆಗೆ, ಹಸಿರು, ಒಂದು, ಎರಡು, ಮೂ